ಕೂಗಿದರೆ ಓಗೊಡೋರು ಯಾರು?

ಕೇಳುಗ ಬಂಧುಗಳಿಗೆ ನಮಸ್ಕಾರ.

ಹಾಸನಾಂಬೆಯ ಬಾಗಿಲು ತೆರೆಯೋ ದಿನ ಹತ್ತಿರ ಬಂತು. ಆಶ್ವಯುಜದಲ್ಲಿ ತೆರೆದ ಬಾಗಿಲು ಬಲಿಪಾಡ್ಯಮಿ ಮುಗಿದ ಮೇಲೆ ಮತ್ತೆ ಮುಂದಿನ ವರ್ಷಕ್ಕೇ. ಈ ದಿನಗಳಲ್ಲಿ ನಮ್ಮ ಕಡೆ ಎಷ್ಟೋ ಮನೆಗೆ ಬೀಗ. ಒಬ್ಬರು ದೀಪಾವಳಿಗೆ ಅಂತ ಊರಿಗೆ, ಇನ್ನೊಬ್ಬರು ಧರ್ಮಸ್ಥಳಕ್ಕೆ, ಹೊರನಾಡಿಗೆ. ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ ಬಸ್ಸು ಹತ್ತುತ್ತೀರಿ. ಕಳ್ಳ ಮೊದಲು ನೋಡೋದು ನಿಮ್ಮ ಅಂಗಳ. ರಂಗೋಲಿ ಇಲ್ಲ, ಗೇಟಿಗೆ ಸಿಕ್ಕಿಸಿದ ಪೇಪರು ಹಾಗೇ ಇದೆ, ನಡುಹಗಲಲ್ಲೂ ವರಾಂಡದ ದೀಪ ಉರೀತಿದೆ. ಅವನಿಗೆ ಅಷ್ಟು ಸಾಕು. ನಿಮ್ಮ ಬೀಗಕ್ಕೆ ಒಂದು ಕಬ್ಬಿಣದ ರಾಡು ಸಾಕು.

ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯಲ್ಲಿ ಮನೆಗಳಿಗೆ ಅಲಾರಂ ಕೂರಿಸೋದು ನನ್ನ ಕಸುಬು. ಎಲ್ಲಿ ಹೋದರೂ ಜನ ಕೇಳೋದು ಒಂದೇ: "ಸೈರನ್ ಎಷ್ಟು ಜೋರಾಗಿ ಕೂಗುತ್ತೆ? ಕ್ಯಾಮೆರಾ ಎಷ್ಟು ಹಾಕಿಸಬೇಕು?" ದಯವಿಟ್ಟು ಇವತ್ತಿಂದ ಆ ಪ್ರಶ್ನೆ ಬಿಡಿ. ಕೇಳಬೇಕಾದ್ದು ಬೇರೆ. ಅದು ಕೂಗಿದಾಗ ಓಗೊಡೋರು ಯಾರು? ಅವರು ಎಷ್ಟು ದೂರದಲ್ಲಿದ್ದಾರೆ?

ಯಂತ್ರದ ಕೆಲಸ ಸುಲಭ. ಬಾಗಿಲ ಕದಕ್ಕೆ ಒಂದು ಪುಟ್ಟ ಅಯಸ್ಕಾಂತ, ಚೌಕಟ್ಟಿಗೆ ಒಂದು ಪುಟ್ಟ ಸ್ವಿಚ್ಚು. ಕದ ತೆರೆದು ಅವೆರಡೂ ದೂರವಾದ ಕೂಡಲೇ ಅಲಾರಂನ ಮುಖ್ಯ ಪೆಟ್ಟಿಗೆಯಾದ ಪ್ಯಾನೆಲ್‌ಗೆ ಗೊತ್ತಾಗುತ್ತೆ. ಇನ್ನೊಂದು ಸೆನ್ಸರ್ ಗೋಡೆಯ ಮೂಲೆಯಲ್ಲಿರುತ್ತೆ, ಅದು ಓಡಾಡೋ ಮೈಯ ಶಾಖ ಹಿಡಿಯುತ್ತೆ. ಬಾಗಿಲು ತೆರೆದರೆ ಗಂಟೆ ಬಾರಿಸೋ ವಿದ್ಯುತ್ ಸಾಧನಕ್ಕೆ ಅಮೆರಿಕದಲ್ಲಿ ಆಗಸ್ಟಸ್ ಪೋಪ್ ಅನ್ನೋರು 1853ರಲ್ಲೇ ಪೇಟೆಂಟ್ ಪಡೆದಿದ್ದರು. ಅವರಿಂದ ಆ ಹಕ್ಕು ಕೊಂಡ ಎಡ್ವಿನ್ ಹೋಮ್ಸ್ ಅಷ್ಟಕ್ಕೇ ನಿಲ್ಲಲಿಲ್ಲ. ಮುಂದೆ ನ್ಯೂಯಾರ್ಕಿನಲ್ಲಿ ಮನೆ ಮನೆಯಿಂದ ಒಂದು ಕೇಂದ್ರಕ್ಕೆ ತಂತಿ ಎಳೆಸಿ, ಅಲ್ಲಿ ಕಾವಲಿಗೆ ಜನ ಕೂರಿಸಿದರು. ಗಂಟೆಗೆ ಒಂದು ಕಿವಿ ಬೇಕು ಅನ್ನೋದು ಅವರಿಗೆ ಆಗಲೇ ಹೊಳೆದಿತ್ತು.

ಇಲ್ಲಿ ನಾನೇ ಕಣ್ಣಾರೆ ಕಂಡಿದ್ದು ಹೇಳ್ತೀನಿ. ಚಿಕ್ಕಮಗಳೂರಿನ ಒಂದು ಬಡಾವಣೆ. ನಿವೃತ್ತ ಮೇಷ್ಟ್ರು, ಅವರ ಮನೆಯವರು, ಇಬ್ಬರೇ. ಮಗ ಬೆಂಗಳೂರಲ್ಲಿ. ಬೇರೆ ಯಾರೋ ಕೂರಿಸಿದ್ದ ಅಲಾರಂ, ಯಂತ್ರ ಒಳ್ಳೇದೇ. ಮನೆಗೆ ಬೀಗ ಹಾಕಿ ಹೋಗಿದ್ದಾಗ ಕಳವಾಯಿತು, ಮಾರನೇ ದಿನ ನನ್ನನ್ನ ಕರೆಸಿದರು. "ಇದು ಕೂಗಲೇ ಇಲ್ಲ, ನೋಡಪ್ಪ" ಅಂದರು ಮೇಷ್ಟ್ರು. ಪ್ಯಾನೆಲ್ ತೆಗೆದು ನೋಡಿದೆ. ಕೂಗಿದೆ! ರಾತ್ರಿ 2 ಗಂಟೆ 40 ನಿಮಿಷಕ್ಕೆ ಹಿತ್ತಲ ಬಾಗಿಲು ತೆರೆದಿದೆ, ಸೈರನ್ ಕೂಗಿದೆ, ಮೂರು ನಂಬರಿಗೆ ಫೋನೂ ಹೋಗಿದೆ. ಮೊದಲನೇದು ಮಗನದು. ಆ ಹುಡುಗ ಫೋನು ಸೈಲೆಂಟ್‌ಗೆ ಹಾಕಿ ಮಲಗಿದ್ದ. ಎದ್ದು ನೋಡಿದ್ದರೂ ಏನು ಮಾಡ್ತಿದ್ದ? ಮೂರನೇದು ಒಬ್ಬ ಎಲೆಕ್ಟ್ರಿಷಿಯನ್‌ದು, ಆ ನಂಬರು ಚಾಲ್ತಿಯಲ್ಲೇ ಇರಲಿಲ್ಲ. ಎರಡನೇದು ಯಾರದು ಅಂತ ಆ ತಾಯಿಗೆ ಓದಿ ಹೇಳಿದೆ. ಅವರು ತಿರುಗಿ ಪಡಸಾಲೆಯ ಸ್ಟ್ಯಾಂಡಿನ ಕಡೆ ನೋಡಿದರು. ಕ್ರೋಷಾ ಬಟ್ಟೆ ಹೊದ್ದು ಕೂತಿದ್ದ ಅವರ ಮನೆಯದೇ ಲ್ಯಾಂಡ್‌ಲೈನು! ಅದರ ಪುಟ್ಟ ಪರದೆ ಮೇಲೆ ಹನ್ನೊಂದು ಕರೆ ಬಂದು ನಿಂತಿತ್ತು. ಬೀಗ ಹಾಕಿದ ಮನೆ ತನಗೆ ತಾನೇ ಹನ್ನೊಂದು ಸಲ ಫೋನು ಮಾಡಿಕೊಂಡಿತ್ತು, ಕಳ್ಳ ಹಿತ್ತಲಲ್ಲಿ ಇರೋವಾಗಲೇ.

ಹಾಗಾದರೆ ಅಕ್ಕಪಕ್ಕದವರು? ಅವರಿಗೂ ಕೇಳಿಸಿದೆ. ಆದರೆ ಆ ತಿಂಗಳಲ್ಲಿ ಮೂರು ಸಲ ಸುಮ್ಮಸುಮ್ಮನೆ ಕೂಗಿತ್ತು, ಸೆನ್ಸರ್ ಮುಖದ ಮೇಲೆ ಹಲ್ಲಿ ಹರಿದಾಡಿ. "ಮತ್ತೆ ಹಲ್ಲಿ" ಅಂದುಕೊಂಡು ಮಗ್ಗುಲು ಬದಲಾಯಿಸಿದರಂತೆ. ಕೆಲವು ನಿಮಿಷ ಆದಮೇಲೆ ಸೈರನ್ ತಾನೇ ನಿಲ್ಲುತ್ತೆ, ಅದನ್ನ ಮಾಡಿರೋದೇ ಹಾಗೆ. ಅಷ್ಟೂ ಹೊತ್ತು ಕಳ್ಳ ಹಿತ್ತಲ ಸಪೋಟ ಮರದ ಕೆಳಗೆ ಕಾದು ಕೂತಿದ್ದ. ಬೆಳಿಗ್ಗೆ ಅಲ್ಲಿ ಬೀಡಿ ತುಂಡು ಬಿದ್ದಿತ್ತು. ಆ ತಾಯಿಯ ಅವಲಕ್ಕಿ ಸರ ಹೋಯಿತು, ಅವರ ಅತ್ತೆ ಹಾಕಿದ್ದ ಸರ. "ಇಷ್ಟೆಲ್ಲ ಕೂಗಿಯೂ ಯಾರೂ ಬರಲಿಲ್ವಲ್ಲಪ್ಪ" ಅಂದರು. ಆ ಮಾತು ನನಗೆ ಇವತ್ತಿಗೂ ಮರೆತಿಲ್ಲ.

ಕಾವಲು ಕೇಂದ್ರ ಇರೋ ಅಲಾರಂ ಹಾಕಿಸಿ ಅಂತ ನಾನು ಹಟ ಹಿಡಿಯೋದು ಇದಕ್ಕೇ. ಸಂಕೇತ ಹೋದ ಕೂಡಲೇ ಅಲ್ಲಿ ಎಚ್ಚರ ಇರೋ ಮನುಷ್ಯ ಒಬ್ಬ ನಿಮಗೆ ಫೋನು ಮಾಡ್ತಾನೆ, ಗುಟ್ಟಿನ ಪದ ಕೇಳ್ತಾನೆ. ಸರಿಯಾಗಿ ಹೇಳಿದರೆ ಸುಮ್ಮನಾಗ್ತಾನೆ. ಇಲ್ಲದಿದ್ದರೆ ನೀವು ಕೊಟ್ಟ ಹೆಸರುಗಳಿಗೆ ಒಂದೊಂದಾಗಿ ಫೋನು ಹೋಗುತ್ತೆ, ಪೊಲೀಸರಿಗೂ ಹೋಗುತ್ತೆ. ಗುಟ್ಟಿನ ಪದ ಎರಡು ಇರಲಿ. ಒಂದು ನಿಜಕ್ಕೂ ಎಲ್ಲ ಸರಿಯಿದ್ದಾಗ ಹೇಳೋದು. ಇನ್ನೊಂದು, ಯಾರಾದರೂ ಕುತ್ತಿಗೆಗೆ ಚಾಕು ಹಿಡಿದು "ಏನೂ ಇಲ್ಲ ಅಂತ ಹೇಳು" ಅಂದಾಗ ಹೇಳೋದು. ಹಸುವಿನ ಹೆಸರು ಒಂದಕ್ಕೆ, ಕರುವಿನ ಹೆಸರು ಇನ್ನೊಂದಕ್ಕೆ. ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ ಇರಬೇಕು.

ಹೆಸರುಗಳ ಪಟ್ಟಿಯಲ್ಲಿ ಮೊದಲನೇದು ಬೆಂಗಳೂರಿನ ಮಗನದು ಬೇಡ. ಹಾಸನದಿಂದಲೇ ಬೆಂಗಳೂರು ಸುಮಾರು 180 ಕಿಲೋಮೀಟರು. ಮೊದಲನೇದು ಎದುರುಮನೆಯ ಅಕ್ಕನದು ಇರಲಿ. ಅವರು ಒಳಗೆ ನುಗ್ಗೋದು ಬೇಡ. ತಮ್ಮ ಮನೆಯ ದೀಪ ಎಲ್ಲ ಹಾಕಿ, ಒಳಗಿಂದಲೇ ಜೋರಾಗಿ ಕೂಗಿ, 112ಕ್ಕೆ ಫೋನು ಮಾಡಿದರೆ ಸಾಕು. ಅವರನ್ನ ಮೊದಲೇ ಕೇಳಿ ಒಪ್ಪಿಸಿ. ಅವರ ಮನೆಯ ಕೂಗಿಗೆ ನೀವು ಓಗೊಡ್ತೀರಿ ಅಂತಲೂ ಮಾತು ಕೊಡಿ.

ಸಮಯ ಆಗ್ತಾ ಬಂತು, ಉಳಿದಿದ್ದು ಬೇಗ ಹೇಳ್ತೀನಿ. ಸಕಲೇಶಪುರ, ಮೂಡಿಗೆರೆ ಕಡೆಯ ಹೆಂಚಿನ ಮನೆಯವರೇ, ಕಳ್ಳ ಹೆಂಚು ಸರಿಸಿ ಅಟ್ಟದ ಮೇಲಿಂದ ಇಳೀಬಹುದು, ಆಗ ಬಾಗಿಲ ಸೆನ್ಸರ್ ಸುಮ್ಮನಿರುತ್ತೆ. ಶಾಖ ಹಿಡಿಯೋ ಸೆನ್ಸರ್ ಅಟ್ಟದ ಏಣಿಯ ಕಡೆ ಮುಖ ಮಾಡಿ ಇರಲಿ. ಕಾಫಿ, ಮೆಣಸು ಕಣದಿಂದ ಗೋದಾಮಿಗೆ ಬಂದ ಮೇಲೆ ಅಲ್ಲಿಗೂ ಒಂದು. ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಬರಲ್ಲ, ಪ್ಯಾನೆಲ್‌ನ ಬ್ಯಾಟರಿ ಹಳೆಯದಾದರೆ ಬದಲಾಯಿಸಿ. ಪ್ಯಾನೆಲ್ ಒಳಗಿರೋ ಸಿಮ್‌ಗೂ ರೀಚಾರ್ಜ್ ಬೇಕು. ಅದನ್ನ ಎಲ್ಲರೂ ಮರೀತೀರಿ, ಪ್ರತಿ ಮನೆಯಲ್ಲೂ ಹೇಳಿ ಹೇಳಿ ನನಗೆ ಸಾಕಾಗಿದೆ. ಸೆನ್ಸರ್ ಮುಖವನ್ನ ತಿಂಗಳಿಗೊಮ್ಮೆ ಒಣಬಟ್ಟೆಯಲ್ಲಿ ಒರೆಸಿ, ಜೇಡರ ಬಲೆ ತೆಗೀರಿ. ಸುಳ್ಳು ಕೂಗು ಕಡಿಮೆಯಾದಷ್ಟೂ ನಿಜವಾದ ಕೂಗಿಗೆ ಜನ ಏಳ್ತಾರೆ.

ಈಗಾಗಲೇ ಅಲಾರಂ ಇರೋರು ಬರೋ ಭಾನುವಾರ ಬೆಳಿಗ್ಗೆ ಕಾವಲು ಕೇಂದ್ರಕ್ಕೂ ಎದುರುಮನೆಯವರಿಗೂ ಒಂದು ಮಾತು ತಿಳಿಸಿ, ಅಲಾರಂ ಆನ್ ಮಾಡಿ, ಹಿತ್ತಲ ಬಾಗಿಲು ತೆರೀರಿ. ಕೈಯಲ್ಲಿ ಗಡಿಯಾರ ಹಿಡಿದು ಅಂಗಳದಲ್ಲಿ ನಿಲ್ಲಿ. ಮೊದಲು ಯಾರ ಫೋನು ಬಡಿಯುತ್ತೆ, ಅವರು ಓಗೊಡೋಕೆ ಎಷ್ಟು ನಿಮಿಷ ಹಿಡಿಯುತ್ತೆ, ನೋಡಿ ಬರೆದಿಟ್ಟುಕೊಳ್ಳಿ.

ನಮಸ್ಕಾರ.