ಕಣಕ್ಕೂ ಬಿತ್ತನೆಗೂ ನಡುವಿನ ಐದು ತಿಂಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದೇ ಹೊಲದ ಶೇಂಗಾ ಎರಡು ಚೀಲಗಳಲ್ಲಿದೆ ಎಂದುಕೊಳ್ಳಿ. ಒಂದು ಗಾಣಕ್ಕೆ ಹೋಗುವಂಥದ್ದು, ಇನ್ನೊಂದು ಬಿತ್ತನೆಗೆ. ಒಂದೊಂದು ಹಿಡಿ ಅಂಗೈಗೆ ಸುರಿದು ನೋಡಿದರೆ ಪಳಗಿದ ರೈತನಿಗೂ ವ್ಯತ್ಯಾಸ ಕಾಣಲಿಕ್ಕಿಲ್ಲ. ಆದರೂ ಎರಡನೆಯ ಚೀಲಕ್ಕೆ ಅವನು ಹೆಚ್ಚು ಬೆಲೆ ಕೊಡುತ್ತಾನೆ. ಕೊಟ್ಟದ್ದು ಸಾರ್ಥಕವಾಯಿತೋ ಇಲ್ಲವೋ ಎಂಬುದು ಬಿತ್ತಿ ಹತ್ತು ದಿನವಾದ ಮೇಲೆ ತಿಳಿಯುತ್ತದೆ. ಅಷ್ಟರಲ್ಲಿ ಮಣ್ಣಿನ ಹದ ಹೋಗಿರುತ್ತದೆ, ಕೂಲಿ ಕೊಟ್ಟಾಗಿರುತ್ತದೆ. ಸಣ್ಣ ರೈತರ ಗುಂಪು ಬೀಜ ಮಾರಲು ಹೊರಟರೆ ಅದರ ಮೊದಲ ಬಂಡವಾಳ ಇಲ್ಲಿದೆ: ಬೀಜ ಮೊಳೆಯದಿದ್ದರೆ ಕೊಂಡವನು ಮಾರಿದವನ ಮನೆ ಬಾಗಿಲಿಗೇ ಬಂದು ಜಗಳ ತೆಗೆಯಬಹುದು. ದೂರದ ಕಂಪನಿಯೊಂದಿಗೆ ಆ ಅನುಕೂಲವಿಲ್ಲ.

ಬಡ ರೈತರು ಬೀಜಕ್ಕೆ ಹಣ ಕೊಡುವುದಿಲ್ಲ, ಮನೆಯಲ್ಲಿದ್ದುದನ್ನೇ ಬಿತ್ತುತ್ತಾರೆ ಎಂಬ ಮಾತು ಬಹಳ ಕಾಲ ಚಲಾವಣೆಯಲ್ಲಿತ್ತು. ಮೆಕ್‌ಗ್ವೈರ್ ಮತ್ತು ಸ್ಪರ್ಲಿಂಗ್ ಎಂಬ ಇಬ್ಬರು ಸಂಶೋಧಕರು ಆಫ್ರಿಕಾದ ಐದು ದೇಶಗಳು ಮತ್ತು ಹೈಟಿಯ ಸಣ್ಣ ರೈತರನ್ನು ವಿಚಾರಿಸಿ 2016ರಲ್ಲಿ ಲೆಕ್ಕ ಮುಂದಿಟ್ಟರು. ಬೀಜದಲ್ಲಿ ಶೇಕಡ 90ರಷ್ಟು ಕಂಪನಿ, ಸರ್ಕಾರಗಳ ವ್ಯವಸ್ಥೆಯ ಹೊರಗಿನಿಂದಲೇ ಬರುತ್ತಿತ್ತು. ಅರ್ಧಕ್ಕಿಂತ ತುಸು ಹೆಚ್ಚು ಪಾಲು ಸಿಗುತ್ತಿದ್ದದ್ದು ಊರಿನ ಸಂತೆಗಳಲ್ಲಿ. ಸಂತೆಯಲ್ಲಿ ಯಾರೂ ಪುಕ್ಕಟೆ ಅಳೆದು ಕೊಡುವುದಿಲ್ಲ. ಕೊಳ್ಳುವವರು ಇದ್ದಾರೆ, ಕೊಳ್ಳುತ್ತಲೂ ಇದ್ದಾರೆ.

ಹಾಗಾದರೆ ಯಾವ ಬೆಳೆ? ಇಲ್ಲಿ ಅನೇಕ ಗುಂಪುಗಳು ಮೊದಲ ತಪ್ಪು ಮಾಡುತ್ತವೆ. ಹೈಬ್ರಿಡ್ ಮೆಕ್ಕೆಜೋಳದಲ್ಲಿ ಲಾಭವಿದೆ ಎಂದು ಅದರ ಹಿಂದೆ ಓಡುತ್ತವೆ. ಅದರ ಜನಕ ತಳಿಗಳು ಬೇರೆಯವರ ಕೈಯಲ್ಲಿರುತ್ತವೆ. ಮೇಲಾಗಿ ಬೇರೆ ಮೆಕ್ಕೆಜೋಳದ ಪರಾಗ ಬೀಳದಂತೆ ಸುತ್ತಲೂ 200 ಮೀಟರ್ ಬಿಡಬೇಕಾಗುತ್ತದೆ. ಒಂದೊಂದು ಎಕರೆಯ ಹಿಡುವಳಿದಾರರು ಅಷ್ಟು ಜಾಗ ಎಲ್ಲಿಂದ ತಂದಾರು? ಶೇಂಗಾದ ಹೂವಿನಲ್ಲಿ ಬಹುಪಾಲು ಸ್ವಪರಾಗಸ್ಪರ್ಶ. ಮೂರು ಮೀಟರ್ ಅಂತರ ಸಾಕು. ಇನ್ನೊಂದು ಕಡೆಯಿಂದ ನೋಡಿ. ಒಂದು ಹೆಕ್ಟೇರಿಗೆ 100 ಕಿಲೋ ಕಾಳಾದರೂ ಬೇಕು, ಬಿತ್ತಿದ್ದಕ್ಕೆ ಸುಮಾರು ಹತ್ತು ಪಟ್ಟು ಬಂದೀತು. ಸಾಗಿಸಲು ಭಾರ, ಇಡಲು ಜಾಗ ಹೆಚ್ಚು, ಬೇಗ ಕೆಡುವ ಸರಕು, ಕೊಂಡ ರೈತ ಮರುವರ್ಷ ಸ್ವಂತ ಬೀಜವನ್ನೇ ಬಿತ್ತಬಹುದು. ದೊಡ್ಡ ಕಂಪನಿಗಳು ಇದರತ್ತ ತಿರುಗಿ ನೋಡದಿರುವುದಕ್ಕೆ ಇವೇ ಕಾರಣ, ಹತ್ತಿರದಲ್ಲೇ ಬೆಳೆದು ಹತ್ತಿರದಲ್ಲೇ ಮಾರುವ ಗುಂಪಿಗೆ ಇದರಲ್ಲಿ ಎಡೆ ಸಿಗುವುದಕ್ಕೂ ಇವೇ ಕಾರಣ. ಹುರುಳಿಕಾಯಿ ಜಾತಿಯ ಕಾಳು, ಸೋಯಾ, ಸಿಹಿಗೆಣಸಿನ ಬಳ್ಳಿ, ಆಲೂಗಡ್ಡೆಯ ಬಿತ್ತನೆ ಗಡ್ಡೆ ಎಲ್ಲವೂ ಹೆಚ್ಚುಕಡಿಮೆ ಇದೇ ಸಾಲಿಗೆ ಸೇರಿದವು.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಗುಂಪುಗಳಿಗೆ ನೆರವಾಗುವ ಯೋಜನೆಗಳು ಹಣವನ್ನೆಲ್ಲ ತರಬೇತಿಗೂ ಯಂತ್ರಕ್ಕೂ ಸುರಿಯುತ್ತವೆ. ಒಂದು ಗುಂಪಿನ ಉಗ್ರಾಣಕ್ಕೆ ಹೋಗಿದ್ದಾಗ ದಾನವಾಗಿ ಬಂದಿದ್ದ ಬೀಜ ಸಂಸ್ಕರಣಾ ಯಂತ್ರವನ್ನು ತೋರಿಸಿದರು. ಅದರ ಕಾಳು ಸುರಿಯುವ ಬಾಯಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಗುಂಪಿನ ಇಡೀ ಹಂಗಾಮಿನ ಫಸಲು ಆ ಯಂತ್ರಕ್ಕೆ ಅರ್ಧ ದಿನದ ಕೆಲಸವೂ ಆಗುತ್ತಿರಲಿಲ್ಲ. ಮೊರ, ಜರಡಿ ಮತ್ತು ನಾಲ್ಕು ಹೆಂಗಸರ ಕಣ್ಣು ಆ ಕೆಲಸವನ್ನು ಆಗಲೇ ಮುಗಿಸಿದ್ದವು. ಅಲ್ಲಿ ಇಲ್ಲದಿದ್ದದ್ದು ಹಣ. ಕಣಕ್ಕೂ ಬಿತ್ತನೆಗೂ ನಡುವಿನ ನಾಲ್ಕೈದು ತಿಂಗಳು ಫಸಲನ್ನು ಹಿಡಿದಿಟ್ಟುಕೊಳ್ಳುವ ಹಣ.

ಒಂದು ಗುಂಪಿನಲ್ಲಿ 20 ಮಂದಿ, ತಲಾ 5 ಕ್ವಿಂಟಾಲ್ ಎಂದಿಟ್ಟುಕೊಳ್ಳಿ. ಒಟ್ಟು 100 ಕ್ವಿಂಟಾಲ್. ಇದು ಬೀಜವಾಗಿ ಮಾರಾಟವಾಗುವುದು ಮಳೆ ಬರುವ ಮುಂಚಿನ ಮೂರು ವಾರಗಳಲ್ಲಿ. ಸದಸ್ಯರಿಗೆ ಹಣ ಬೇಕಾಗಿರುವುದೋ ಕೊಯ್ಲಿನ ಮರುದಿನ. ಸಾಲ ಕೊಟ್ಟವನು ಬಾಗಿಲಲ್ಲಿದ್ದಾನೆ, ಮಕ್ಕಳ ಶುಲ್ಕ ಕಟ್ಟಬೇಕು. ವ್ಯಾಪಾರಿ ನಗದು ಹಿಡಿದು ಕಣಕ್ಕೇ ಬರುತ್ತಾನೆ. ಸದಸ್ಯ ಅವನಿಗೆ ಮಾರಿದರೆ ಅದನ್ನು ದ್ರೋಹ ಎಂದು ಬೈಯುವುದು ಸುಲಭ. ನಾನಾಗಿದ್ದರೂ ಮಾರುತ್ತಿದ್ದೆ. ಬೈಯುವುದನ್ನು ಬಿಟ್ಟು, ಒಪ್ಪಿಸಿದ ದಿನವೇ ಪೇಟೆ ಬೆಲೆಯ ಹತ್ತರಲ್ಲಿ ಏಳು ಪಾಲು ಕೈಗೆ ಕೊಟ್ಟು, ಉಳಿದದ್ದನ್ನೂ ಬೀಜದ ಲಾಭವನ್ನೂ ಮಾರಾಟವಾದ ಮೇಲೆ ಹಂಚುವ ವ್ಯವಸ್ಥೆ ಬೇಕು. ಅದಕ್ಕೆ ಉಗ್ರಾಣದ ರಸೀತಿಯ ಮೇಲೆ ಸಾಲ ಪಡೆಯಬಹುದು, ಮಾರಾಟದ ಹಣ ಮರಳಿ ಬಂದು ಮತ್ತೆ ಮುಂಗಡವಾಗುವ ಗುಂಪಿನದೇ ಆವರ್ತ ನಿಧಿ ಕಟ್ಟಬಹುದು. ನೆರವು ಕೊಡುವವರು ಯಂತ್ರದ ಬದಲು ಆ ಸಾಲಕ್ಕೆ ಜಾಮೀನು ನಿಂತರೆ ಗುಂಪಿಗೆ ಎಷ್ಟೋ ಉಪಕಾರ.

ಹಿಡಿದಿಟ್ಟದ್ದು ಕೆಡಬಾರದಲ್ಲ? ಬೀಜ ವಿಜ್ಞಾನಿ ಹ್ಯಾರಿಂಗ್ಟನ್ ಒಂದು ಸರಳ ಸೂತ್ರ ಕೊಟ್ಟಿದ್ದಾರೆ. ತೇವಾಂಶ ಶೇಕಡ 14ರಿಂದ 5ರ ಮಿತಿಯೊಳಗಿರುವಾಗ, ಅದು ಒಂದು ಅಂಶ ಇಳಿದಂತೆಲ್ಲ ಬೀಜದ ಆಯಸ್ಸು ಸುಮಾರು ಇಮ್ಮಡಿಯಾಗುತ್ತದೆ. ಉಗ್ರಾಣದ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದರೂ ಹಾಗೆಯೇ. ಎರಡು ದಿನ ಹೆಚ್ಚು ಬಿಸಿಲಿಗೆ ಹಾಕುವುದರ ಬೆಲೆ ಇದರಿಂದ ತಿಳಿಯುತ್ತದೆ. ಒಣಗಿದ ಗಾಜಿನ ಶೀಶೆಯಲ್ಲಿ ಧಾನ್ಯದೊಂದಿಗೆ ಒಣ ಉಪ್ಪು ಹಾಕಿ ಕುಲುಕಿ, ಕಾಲು ಗಂಟೆ ಬಿಟ್ಟು ನೋಡುವ ಪರೀಕ್ಷೆ ನಿಮಗೆ ಗೊತ್ತಿರಬಹುದು. ಗಾಜಿಗೆ ಉಪ್ಪು ಅಂಟಿದರೆ ತೇವಾಂಶ ಶೇಕಡ 15ಕ್ಕಿಂತ ಹೆಚ್ಚು. ಆದರೆ ಅಂಟದಿದ್ದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಆಹಾರಧಾನ್ಯಕ್ಕೆ ನಡೆಯುವ ಆ ಮಟ್ಟ ಬಿತ್ತನೆ ಬೀಜಕ್ಕೆ ಸಾಲದು. ಶೇಂಗಾ ಶೇಕಡ 9ಕ್ಕೆ ಇಳಿಯಬೇಕು. ನಾಲ್ಕು ಗುಂಪುಗಳು ಸೇರಿ ಒಂದು ತೇವಾಂಶ ಮಾಪಕ ಕೊಂಡರೆ ಆ ಹಣ ವ್ಯರ್ಥವಲ್ಲ. ಶೇಂಗಾವನ್ನು ಕಾಯಿಯಾಗಿಯೇ ಇಟ್ಟು ಬಿತ್ತನೆಗೆ ಮುಂಚೆ ಸುಲಿಯಿರಿ. ಔಷಧ ಲೇಪನವನ್ನು ಗಿರಾಕಿ ಗೊತ್ತಾದ ಮೇಲೆ ಮಾಡಿ. ಲೇಪಿಸಿದ ಬೀಜ ಉಳಿದುಹೋದರೆ ಅದನ್ನು ಗಾಣಕ್ಕೂ ಕೊಡುವಂತಿಲ್ಲ.

ಗುಣಮಟ್ಟ ಕಾಯುವುದರಲ್ಲಿ ಕಷ್ಟದ ಭಾಗ ಸಂಬಂಧಗಳದ್ದು. ಹೂ ಬಿಡುವ ಹೊತ್ತಿನಲ್ಲಿ ಹೊಲ ಸುತ್ತಿ ಬೆರಕೆ ಗಿಡಗಳನ್ನು ಕೀಳಬೇಕು. ಭಾವಮೈದನ ಹೊಲದಲ್ಲಿ ಹಾಗೆ ಕೀಳುತ್ತಾ ಹೋಗಿ, ಕೊನೆಗೆ ಈ ಹೊಲ ಬೀಜಕ್ಕೆ ಆಗುವುದಿಲ್ಲ ಎನ್ನುವುದು ಹೇಗೆ? ಬಿತ್ತನೆಗೆ ಮುಂಚೆಯೇ ನಿಯಮ ಬರೆದು ಎಲ್ಲರಿಂದ ಸಹಿ ಹಾಕಿಸಿ, ಆ ಓಣಿಗೆ ಸೇರದ ಇಬ್ಬರನ್ನು ತಪಾಸಣೆಗೆ ಕಳಿಸಿ, ತಿರಸ್ಕರಿಸಿದ ಫಸಲನ್ನೂ ಗುಂಪೇ ಧಾನ್ಯವಾಗಿ ಮಾರಿಕೊಟ್ಟರೆ ಮುನಿಸು ಕಡಿಮೆಯಾಗುತ್ತದೆ.

ಕಾನೂನಿನ ವಿಷಯ ಚಿಕ್ಕದಾಗಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1993ರಲ್ಲಿ ರೂಪಿಸಿ 2006ರಲ್ಲಿ ಪರಿಷ್ಕರಿಸಿದ 'ಗುಣಮಟ್ಟ ಘೋಷಿತ ಬೀಜ' ಎಂಬ ಪದ್ಧತಿ ಇದೆ. ಬೆಳೆಗಾರರೇ ಗುಣಮಟ್ಟದ ಹೊಣೆ ಹೊತ್ತು ಘೋಷಿಸುತ್ತಾರೆ, ಅಧಿಕಾರಿಗಳು ಕನಿಷ್ಠ ಶೇಕಡ 10ರಷ್ಟನ್ನು ಪರೀಕ್ಷಿಸುತ್ತಾರೆ. ಉಗಾಂಡಾದಲ್ಲಿ ಇಂಥ ಬೀಜದ ಚೀಲಕ್ಕೆ ಹಸಿರು ಚೀಟಿ. ಪ್ರಮಾಣೀಕರಣದ ಪೂರ್ಣ ವೆಚ್ಚ ಹೊರಲಾರದ ಗುಂಪಿಗೆ ಇದು ನಡುವಿನ ದಾರಿ. ಈ ಪದ್ಧತಿಗೆ ಮಾನ್ಯತೆ ಇಲ್ಲದ ಕಡೆಗಳಲ್ಲಿ ಅಲ್ಲಿನ ಬೀಜ ಕಾಯ್ದೆ ಏನು ಹೇಳುತ್ತದೆಂದು ಮೊದಲು ಕೇಳಿಕೊಳ್ಳಬೇಕು. ಹಾಗೆಯೇ, ಬೀಜ ಬೆಳೆಯಲು ಗುಂಪು ಬಿತ್ತಬೇಕಾದ ಮೂಲ ಬೀಜವು ಸಂಶೋಧನಾ ಕೇಂದ್ರದಲ್ಲಿ ಕೇಳಿದ ದಿನ ಸಿಗುವುದಿಲ್ಲ. ಒಂದು ಹಂಗಾಮು ಮೊದಲೇ ಬೇಡಿಕೆ ಬರೆಸಬೇಕು. ಯೋಜನೆಯ ಸಿಬ್ಬಂದಿ ಇರುವ ತನಕ ಅವರೇ ಜೀಪಿನಲ್ಲಿ ತಂದುಕೊಡುತ್ತಾರೆ. ಆ ಜೀಪು ನಿಂತ ವರ್ಷವೇ ಎಷ್ಟೋ ಗುಂಪುಗಳ ಲೆಕ್ಕದ ಪುಸ್ತಕವೂ ನಿಂತಿದೆ. ಮೊದಲ ವರ್ಷದಿಂದಲೇ ಗುಂಪಿನವರೇ ಪತ್ರ ಬರೆದು, ಅವರೇ ಹಣ ಕಟ್ಟಿ, ಅವರೇ ಹೋಗಿ ತರಬೇಕು.

ಮತ್ತೊಂದು ಹೊಡೆತ ಉಚಿತ ಬೀಜದ್ದು. ಬರ ಬಂದಾಗ ಯಾರೋ ಲಾರಿಗಟ್ಟಲೆ ಬೀಜ ಹಂಚಿದರೆ ಪಕ್ಕದಲ್ಲೇ ಇರುವ ಗುಂಪಿನ ಉಗ್ರಾಣಕ್ಕೆ ಯಾರೂ ಬರುವುದಿಲ್ಲ. ಹಂಚುವುದೇ ಆದರೆ ರೈತರಿಗೆ ಖರೀದಿ ಚೀಟಿ ಕೊಟ್ಟು, ಆ ಗುಂಪಿನಿಂದಲೇ ಕೊಳ್ಳಲು ಬಿಡಬಹುದು.

ಮುಗಿಸುವ ಮುನ್ನ ಒಂದು ಸಂಜೆಯ ಮಾತು. ಬಿತ್ತನೆಗೆ ಇಪ್ಪತ್ತು ದಿನವಿದ್ದಾಗ ಒಂದು ಗುಂಪಿನವರು ಒದ್ದೆ ಬಟ್ಟೆಯಲ್ಲಿ 100 ಶೇಂಗಾ ಬೀಜ ಸುತ್ತಿಟ್ಟಿದ್ದರು. ಬಟ್ಟೆ ಬಿಚ್ಚಿ ಇಬ್ಬರು ಬೇರೆ ಬೇರೆಯಾಗಿ ಎಣಿಸಿದರು. 70 ಆದರೂ ಮೊಳೆಯಬೇಕಿತ್ತು, 61 ಮೊಳೆತಿದ್ದವು. ಮುಂಗಡ ಕೊಟ್ಟ ಗಿರಾಕಿಗಳಿದ್ದರು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಕಾರ್ಯದರ್ಶಿ ಹೆಣ್ಣುಮಗಳು ಪುಸ್ತಕ ತೆಗೆದು ಹದಿನಾಲ್ಕು ಚೀಲಗಳನ್ನು ಗಾಣದ ಖಾತೆಗೆ ಬರೆದಳು. ಮುಂಗಡ ವಾಪಸು ಎಂದು ಕೆಳಗೆ ಬರೆದಳು. ಷರಾದ ಕಾಲಂನಲ್ಲಿ ಇಷ್ಟು ಬರೆದಳು: ಟಾರ್ಪಾಲಿನಲ್ಲಿ ತೂತು, ಎರಡು ಹೊಸದು ಕೊಳ್ಳುವುದು.

ನಮಸ್ಕಾರ.