ಮರದ ಹಿಂದಿನ ಸಿಂಹ

ಪೇಂಟಿಂಗ್‌ಗಳಲ್ಲಿ ಸಂತ ಜೆರೋಮರನ್ನು ಗುರುತಿಸೋದು ಸುಲಭ. ಕ್ಯಾಥೊಲಿಕ್ ಚರ್ಚಿನ ಹಿರಿಯ ಧರ್ಮಗುರುಗಳಾದ ಕಾರ್ಡಿನಲ್‌ಗಳ ಕೆಂಪು ಟೋಪಿ ಕಂಡರೆ ಸಾಕು. ಅವರು ಬದುಕಿದ್ದಾಗ ಆ ಟೋಪಿಯೇ ಇರಲಿಲ್ಲ, ಆ ಮಾತು ಬೇರೆ. ಆದರೆ ತಾಮ್ರದ ತಗಡಿನಿಂದ ಅಚ್ಚು ಹಾಕಿದ ಚಿತ್ರದಲ್ಲಿ ಕೆಂಪು ಎಲ್ಲಿಂದ ಬರಬೇಕು? ಇರೋದು ಕಪ್ಪು ಗೆರೆ, ಬಿಳಿ ಕಾಗದ ಅಷ್ಟೇ. ಹಾಗಾಗಿ ಅವರು ಯಾರು ಅಂತ ಹೇಳೋ ಕೆಲಸವೆಲ್ಲ ಸಿಂಹ, ತಲೆಬುರುಡೆ, ಪುಸ್ತಕಗಳ ಮೇಲೆ ಬೀಳುತ್ತದೆ.

ಜೆರೋಮರು ಬೈಬಲನ್ನು ಲ್ಯಾಟಿನ್‌ಗೆ ತಂದ ವಿದ್ವಾಂಸರು. 420ರಲ್ಲಿ ಬೆತ್ಲೆಹೇಮಿನಲ್ಲಿ ತೀರಿಕೊಂಡರು. ಸಿಂಹದ ಕಾಲಿಂದ ಮುಳ್ಳು ತೆಗೆದರು ಅನ್ನೋ ಕಥೆ ಅಸಲಿಗೆ ಗೆರಾಸಿಮಸ್ ಎಂಬ ಇನ್ನೊಬ್ಬ ಸನ್ಯಾಸಿಯದು, ಇವರ ಹೆಸರಿಗೆ ಸೇರಿಕೊಂಡಿದೆ. 1546ರಲ್ಲಿ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಧರ್ಮಸಭೆ ಆ ಲ್ಯಾಟಿನ್ ಬೈಬಲೇ ಅಧಿಕೃತ ಎಂದು ಸಾರಿತು. ಆಮೇಲೆ ಕ್ಯಾಥೊಲಿಕ್ ನಾಡುಗಳಲ್ಲಿ ಅವರ ಚಿತ್ರಕ್ಕೆ ಇನ್ನೂ ತೂಕ ಬಂತು.

ನೇಪಲ್ಸ್‌ನಲ್ಲಿ ನೆಲೆಸಿದ್ದ ಸ್ಪೇನಿನ ಕಲಾವಿದ ರಿಬೇರಾ 1621ರಲ್ಲಿ ಮಾಡಿದ ಅಚ್ಚುಚಿತ್ರ ನೋಡಿ. ಮೇಲಿಂದ ದೇವದೂತ ಕಡೆಯ ತೀರ್ಪಿನ, ಅಂದರೆ ಲೋಕದ ಕೊನೆಯಲ್ಲಿ ದೇವರು ಎಲ್ಲರಿಗೂ ಕೊಡುವ ತೀರ್ಪಿನ, ಕಹಳೆ ಊದುತ್ತಿದ್ದಾನೆ. ಜೆರೋಮರು ಬರೆಯೋದನ್ನು ಬಿಟ್ಟು ಅತ್ತ ತಿರುಗಿದ್ದಾರೆ. ಜೋತುಬಿದ್ದ ಚರ್ಮದ ಒಂದೊಂದು ಸುಕ್ಕೂ ಕಾಣುತ್ತದೆ. ಇಲ್ಲಿ ಎಲ್ಲವೂ ಜೋರು ದನಿಯಲ್ಲೇ ಮಾತಾಡುತ್ತದೆ.

ಈಗ ನನಗೆ ತುಂಬಾ ಇಷ್ಟವಾದದ್ದು. ಡಚ್ ಕಲಾವಿದ ರೆಂಬ್ರಾಂಟ್ ಅವರ ಅಚ್ಚು, 1648. ಮಧ್ಯದಲ್ಲಿ ಒಂದು ಮುದಿ ವಿಲೋ ಮರ. ಅದರ ಕಾಂಡಕ್ಕೆ ಹಲಗೆ ಸಿಕ್ಕಿಸಿ, ಕನ್ನಡಕ ಹಾಕಿಕೊಂಡು ಜೆರೋಮರು ಬರೆಯುತ್ತಿದ್ದಾರೆ. ಸಿಂಹ ಎಲ್ಲಿ? ಮರದ ಹಿಂದಿನಿಂದ ಸುಮ್ನೆ ಇಣುಕುತ್ತಿದೆ, ಅಷ್ಟೇ.

ಸ್ವಲ್ಪ ಜೂಮ್ ಮಾಡ್ತೀನಿ. ಮೇಣ ಸವರಿದ ತಗಡಿನ ಮೇಲೆ ಸೂಜಿಯಿಂದ ಗೀಚಿ, ಆ ಗೆರೆಗಳನ್ನು ಆಸಿಡ್‌ಗೆ ತಿನ್ನಿಸಿದ್ದಾರೆ. ತೊಗಟೆಯ ಬಿರುಕು, ಗಂಟು ಎಲ್ಲಾ ದಟ್ಟವಾಗಿ ಕಪ್ಪು. ತಗಡನ್ನೇ ನೇರವಾಗಿ ಗೀಚಿದ ಕಡೆ ಶಾಯಿ ಅಂಚಿನಲ್ಲಿ ನಿಂತು ಮಖಮಲ್ಲಿನ ಹಾಗೆ ಹರಡಿದೆ. ಸಂತರ ಮೈಗೆ ಮಾತ್ರ ನಾಲ್ಕಾರು ತೆಳು ಗೆರೆ. ಸಂತರಿಗಿಂತ ಮರಕ್ಕೇ ಶ್ರಮ ಜಾಸ್ತಿ, ಅಲ್ವಾ? ಅದು ಸುಮ್ನೆ ಅಲ್ಲ. ಒಣಗಿದ ಆ ಕಾಂಡದಿಂದ ಹೊಸ ಕೊಂಬೆಯೊಂದು ಚಿಗುರಿದೆ. ಸತ್ತದ್ದು ಮತ್ತೆ ಎದ್ದು ಬರುತ್ತದೆ ಅನ್ನೋ ಕ್ರೈಸ್ತ ನಂಬಿಕೆಯನ್ನು ನಾನು ಆ ಚಿಗುರಿನಲ್ಲೇ ಕಾಣುತ್ತೇನೆ. ಸಂತರ ಪೂಜೆಯನ್ನು ಒಪ್ಪದ ಪ್ರೊಟೆಸ್ಟೆಂಟ್ ಕ್ರೈಸ್ತರ ಆಮ್‌ಸ್ಟರ್‌ಡ್ಯಾಮಿನಲ್ಲಿ ಕೂತು ರೆಂಬ್ರಾಂಟ್ ಈ ಸಂತರನ್ನು ಮತ್ತೆ ಮತ್ತೆ ಬಿಡಿಸಿದರು. ಅಲ್ಲಿ ಟೋಪಿಗಿಂತ ಈ ಮರಕ್ಕೇ ಬೆಲೆ ಇತ್ತೇನೋ.

ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ವೆಬ್‌ಸೈಟಿನಲ್ಲಿ ರೆಂಬ್ರಾಂಟ್ ಅವರ ಅಚ್ಚುಗಳು ಉಚಿತವಾಗಿ ನೋಡಲು ಸಿಗುತ್ತವೆ. ಫೋನಿನಲ್ಲಿ ಬೇಡ, ದೊಡ್ಡ ಸ್ಕ್ರೀನಿನಲ್ಲಿ ನೋಡಿ. ಮೊದಲು ತೊಗಟೆ, ಆಮೇಲೆ ಸಿಂಹ.