ಹೊತ್ತದ್ದಕ್ಕೂ ಹೆತ್ತದ್ದಕ್ಕೂ ಒಂದೇ ಮಾತು

ಕೇಳುಗರಿಗೆ ನಮಸ್ಕಾರ. ಮೊನ್ನೆ ನನ್ನ ಸ್ಕೂಟರಿನ ಮುಂದಿನ ಚಕ್ರ ಕರಕರ ಅನ್ನತೊಡಗಿತು. ಮೆಕ್ಯಾನಿಕ್ ಚಕ್ರ ಬಿಚ್ಚಿ, ಗ್ರೀಸ್ ಮೆತ್ತಿದ ಉಕ್ಕಿನ ಬಳೆಯೊಂದನ್ನು ನನ್ನ ಕೈಲಿಟ್ಟು, "ಬೇರಿಂಗ್ ಹೋಗಿದೆ ಸಾರ್, ಭಾರ ತಡೀತಿಲ್ಲ" ಅಂದರು. ಬೇರಿಂಗ್, ಭಾರ. ಈ ಎರಡೂ ದಾಯಾದಿಗಳು ನೋಡಿ!

ಭಾರ ನಮಗೆ ಸಂಸ್ಕೃತದಿಂದ ಬಂತು. ಬೇರಿಂಗ್ ಬಂದದ್ದು ಇಂಗ್ಲಿಷಿನಿಂದ. ಇಂಗ್ಲಿಷ್, ಜರ್ಮನ್, ಸ್ವೀಡಿಷ್‌ಗಳಿಗೆಲ್ಲ ತಾಯಿಯಾದ ಒಂದು ನುಡಿ ಸುಮಾರು 2,000 ವರ್ಷಗಳ ಹಿಂದೆ ಉತ್ತರ ಯೂರೋಪಿನಲ್ಲಿತ್ತು. ಅದರಲ್ಲಿ ಬರೆದ ಒಂದು ಸಾಲೂ ಉಳಿದಿಲ್ಲ. ಮಕ್ಕಳ ಮುಖ ನೋಡಿ ತಾಯಿಯ ಮುಖ ಊಹಿಸಿದ ಹಾಗೆ, ಪಂಡಿತರು ಮಗಳು ನುಡಿಗಳನ್ನು ಹೋಲಿಸಿ ಹೋಲಿಸಿ 'ಬೆರನ' ಅನ್ನುವ ಕ್ರಿಯಾಪದ ಕಂಡುಕೊಂಡರು. ಪುಸ್ತಕದಲ್ಲಿ ಅದರ ಮುಂದೆ ಒಂದು ನಕ್ಷತ್ರ ಹಾಕಿರುತ್ತಾರೆ. ಇದು ಎಲ್ಲೂ ಬರೆದು ಸಿಕ್ಕಿದ್ದಲ್ಲ, ಕಟ್ಟಿಕೊಂಡದ್ದು ಅಂತ ಅದರರ್ಥ. ಆದರೆ ಸುಮ್ನೆ ಊಹೆಯಲ್ಲ. ಅದೇ ತಾಯಿಯ ಇನ್ನೊಂದು ಮಗಳು ನುಡಿ ಗೋಥಿಕ್; ಅದರ 4ನೇ ಶತಮಾನದ ಬೈಬಲ್ಲಿನಲ್ಲಿ ಬೆರನದ ಮಗಳು 'ಬೆರನ್' ಇದ್ದಾಳೆ.

ಸಂಸ್ಕೃತವೂ ಈ ನುಡಿಗಳೂ ಇನ್ನೂ ಹಳೆಯ ಒಂದೇ ನುಡಿಯ ಸಂತಾನ, ಸಂಸ್ಕೃತದಲ್ಲಿ ಭ ಇದ್ದ ಕಡೆ ಈ ನುಡಿಗಳಲ್ಲಿ ಬ. ಭ್ರಾತೃ ಅಂದರೆ ಬ್ರದರ್ ಅಲ್ವಾ, ಹಾಗೆಯೇ ಸಂಸ್ಕೃತದ ಭರತಿ, ಅಂದರೆ ಹೊರುತ್ತಾನೆ, ಮತ್ತು ಬೆರನ. ಇಂಥ ಜೋಡಿಗಳನ್ನು ಸಾಲಾಗಿಟ್ಟು 1822ರಲ್ಲಿ ನಿಯಮ ಮಾಡಿ ತೋರಿಸಿದವರು ಜರ್ಮನಿಯ ಯಾಕೋಬ್ ಗ್ರಿಮ್.

ನನಗೆ ಜಾಸ್ತಿ ಇಷ್ಟವಾಗುವುದು ಅದರ ಅರ್ಥ. ಬೆರನ ಅಂದರೆ ಹೊರು, ಹೆರು, ಎರಡೂ. ನಾವು "ಒಂಬತ್ತು ತಿಂಗಳು ಹೊತ್ತು ಹೆತ್ತವಳು" ಅಂತೇವಲ್ಲ, ನಮ್ಮದೇ ಎರಡು ಅಚ್ಚಗನ್ನಡ ಮಾತು ಸೇರಿ ಹೇಳುವುದನ್ನು ಅವರು ಒಂದೇ ಮಾತಿನಲ್ಲಿ ಹೇಳುತ್ತಿದ್ದರು. ಇಂಗ್ಲಿಷಿನ 'ಬೇರ್' ಇವತ್ತಿಗೂ ಎರಡನ್ನೂ ಇಟ್ಟುಕೊಂಡಿದೆ. ಬರ್ತ್, ಬರ್ಡನ್ ಎರಡೂ ಅದೇ ಬೇರಿನವು. ಕರಡಿಗೆ ಹೇಳುವ ಬೇರ್ ಮಾತ್ರ ಬೇರೆಯೇ ಪದ. ಜರ್ಮನ್ನರ 'ಗೆಬೇರೆನ್' ಬರೀ ಹೆರುವುದಕ್ಕೆ ಉಳಿಯಿತು, ಹೊರಲು ಅವರು ಬೇರೆ ಮಾತು ಹಿಡಿದರು. ಸ್ವೀಡನ್ನಿನಲ್ಲಿ ಹೊರುವುದು 'ಬೇರಾ', ಮಗು 'ಬಾರ್ನ್'. ಸ್ಕಾಟ್ಲೆಂಡಿನಲ್ಲಿ ಮಗುವನ್ನು 'ಬೇರ್ನ್' ಅಂತ ಕರೆಯುತ್ತಾರೆ, ಅಂದರೆ ಹೆತ್ತದ್ದು. ಹೆಣ ಹೊರುವ ಚಟ್ಟಕ್ಕೆ ಜರ್ಮನ್ನಿನಲ್ಲಿ 'ಬಾರೆ'. ತೊಟ್ಟಿಲಿಂದ ಬಾರೆಯವರೆಗೆ ಅನ್ನುವುದು ಅಲ್ಲಿನ ಹಳೆಯ ಮಾತು.

ಖರ್ಚನ್ನು ಇಂಗ್ಲಿಷಿನವರು 'ಬೇರ್' ಮಾಡುತ್ತಾರೆ, ನಾವು ಭರಿಸುತ್ತೇವೆ. ಲ್ಯಾಟಿನ್ನಿನಲ್ಲಿ ಇದೇ ಬೇರು 'ಫೆರ್ರೆ' ಆಯಿತು. ಸರ್ಕಾರಿ ನೌಕರರು ಜೂನ್ ಬಂದರೆ ಎದೆ ಹಿಡಿದು ಕಾಯುವ 'ಟ್ರಾನ್ಸ್‌ಫರ್' ಇದೆಯಲ್ಲ, ಅದು ಆ ಫೆರ್ರೆಯದೇ ಕುಡಿ: ಆಚೆಗೆ ಹೊತ್ತೊಯ್ಯುವುದು.